ಹಿತ್ತಿಲ ಮಣ್ಣು ಹೊಸ್ತಿಲ ಮಟ್ಟಕ್ಕೆ ಬಂದಾಗ

ಪ್ರಶ್ನೆ: ಉಡುಪಿಯ ಲೇಔಟೊಂದರಲ್ಲಿ ಕಳೆದ ವರ್ಷ ಮನೆ ಕೊಂಡಿದ್ದೇವೆ. ಬಿಲ್ಡರ್ ಹಿತ್ತಿಲಿಗೆ ಹೊಸ್ತಿಲ ಮಟ್ಟದವರೆಗೂ ಕೆಂಪು ಮಣ್ಣು ತುಂಬಿಸಿರುವುದರಿಂದ ಮಳೆನೀರು ಅಡುಗೆಮನೆಯ ಗೋಡೆಗೇ ನಿಲ್ಲುತ್ತದೆ. ಕೇಳಿದರೆ, ತೋಟದ ಮಟ್ಟ ಕರಾರಿನಲ್ಲಿಲ್ಲ ಎನ್ನುತ್ತಾರೆ.

ಉತ್ತರ: ಕರಾರಿನಲ್ಲಿ ಇಲ್ಲದಿದ್ದರೂ ಮಂಜೂರಾದ ನಕ್ಷೆಯಲ್ಲಿ ನೆಲಮಟ್ಟವನ್ನು ತೋರಿಸಿದೆಯೇ ಎಂದು ಮೊದಲು ನೋಡಿ. ಮೇಸ್ತ್ರಿಗಳು ಬಳಸುವ ನೀರಿನ ಲೆವೆಲ್ ಪೈಪಿನಿಂದ ಹೊಸ್ತಿಲಿಗೂ ಹಿತ್ತಿಲಿಗೂ ಇರುವ ಅಂತರವನ್ನು ಅಳೆಸಿ, ಮಳೆ ಸುರಿಯುವಾಗಲೇ ಫೋಟೋ ತೆಗೆದಿಡಿ. ಸಿಟ್ಟಿನಲ್ಲಿ ನೀವೇ ಮಣ್ಣು ತೆಗೆಸಿದರೆ ಸಾಕ್ಷ್ಯವೂ ಅದರೊಂದಿಗೆ ಹೋಗುತ್ತದೆ. ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿದ್ದರೆ, 2016ರ ರೇರಾ ಕಾಯ್ದೆಯ 14(3)ನೇ ಕಲಮಿನಂತೆ, ಸ್ವಾಧೀನದ 5 ವರ್ಷಗಳೊಳಗೆ ತಿಳಿಸಿದ ಕಾಮಗಾರಿ ದೋಷವನ್ನು ಬಿಲ್ಡರ್ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಆದ್ದರಿಂದ ಬಾಯಿಮಾತು ಬಿಟ್ಟು ಲಿಖಿತ ನೋಟಿಸು ಕಳುಹಿಸಿ. ನೋಂದಣಿ ಇಲ್ಲದಿದ್ದರೆ, 2 ವರ್ಷದ ಗಡುವು ಮೀರದಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.