ಮಗಳು ಕನ್ನಡ ಟೈಪಿಂಗ್ ಕಲಿಯಲಿ

ಓದುಗರ ಪತ್ರ: ಏಳನೇ ಕ್ಲಾಸಿನ ಮಗಳಿಗೆ ಕಂಪ್ಯೂಟರ್ ಕೊಡಿಸಿದ್ದೇವೆ. ಕೀಬೋರ್ಡಿನಲ್ಲಿ ಎ, ಬಿ, ಸಿ ಸಾಲಾಗಿ ಯಾಕಿಲ್ಲ ಅಂತ ಕೇಳುತ್ತಾಳೆ. ನನ್ನದೂ ಒಂದು ಪ್ರಶ್ನೆ. ಮೊಬೈಲಿನಲ್ಲಿ ಮಾತಾಡಿದರೆ ಸಾಕು, ಕನ್ನಡ ಅಕ್ಷರ ಮೂಡುತ್ತದೆ. ಹೀಗಿರುವಾಗ ಕನ್ನಡ ಟೈಪಿಂಗ್ ಕಲಿಸಬೇಕಾ?
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ಮೊದಲು ಮಗಳ ಪ್ರಶ್ನೆ. ಈ ಜೋಡಣೆ ಹುಟ್ಟಿದ್ದು ಕಂಪ್ಯೂಟರಿಗಲ್ಲ, ಟೈಪ್‌ರೈಟರಿಗೆ. ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರು 1868ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮೊದಲ ಯಂತ್ರಗಳಲ್ಲಿ ಅಕ್ಷರಗಳು ಹೆಚ್ಚುಕಡಿಮೆ ಸಾಲಾಗಿಯೇ ಇದ್ದವು. ಮಧ್ಯದ ಸಾಲಿನಲ್ಲಿ ಡಿ, ಎಫ್, ಜಿ, ಎಚ್, ಜೆ, ಕೆ, ಎಲ್ ಈಗಲೂ ಕ್ರಮವಾಗಿವೆ, ಮಗಳಿಗೆ ತೋರಿಸಿ. ಉಳಿದವು ಆಮೇಲೆ ಒಂದೊಂದಾಗಿ ಜಾಗ ಬದಲಿಸಿದವು. ಅಚ್ಚಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲಿ ಅಂತ ಹೀಗೆ ಮಾಡಿದರು ಅನ್ನೋದು ಎಲ್ಲರೂ ಹೇಳುವ ಕಾರಣ. ಟೆಲಿಗ್ರಾಫ್ ನೌಕರರ ಅನುಕೂಲಕ್ಕೆ ಬದಲಾಯಿತು ಅನ್ನುತ್ತಾರೆ ಕ್ಯೋಟೋದ ಸಂಶೋಧಕರು. 1874ರಲ್ಲಿ ರೆಮಿಂಗ್ಟನ್ ಕಂಪನಿ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಜನರ ಬೆರಳಿಗೆ ಅದೇ ರೂಢಿಯಾಯಿತು.

ಮೌಸ್ ಬಂದಿದ್ದು ತುಂಬಾ ಆಮೇಲೆ. ಡಗ್ಲಸ್ ಎಂಗಲ್‌ಬಾರ್ಟ್ ಅವರ ಯೋಚನೆಯಂತೆ 1964ರಲ್ಲಿ ತಯಾರಾದ ಮೊದಲ ಮೌಸ್ ಮರದ ಪೆಟ್ಟಿಗೆ, ಅಡಿಯಲ್ಲಿ ಎರಡು ಚಕ್ರ. ತೋರಿಸೋದಕ್ಕೆ, ಆರಿಸೋದಕ್ಕೆ ಅದು ಚೆನ್ನ. ಬರೆಯೋದಕ್ಕೆ ಕೀಲಿಮಣೆಯೇ ಬೇಕು.

ಇನ್ನು ನಿಮ್ಮ ಪ್ರಶ್ನೆ. ಖಂಡಿತ ಕಲಿಸಿ. ಇದೇ ಇಂಗ್ಲಿಷ್ ಕೀಲಿಮಣೆಯ ಮೇಲೆ ಕನ್ನಡವನ್ನು ಎಷ್ಟು ಸಲೀಸಾಗಿ ಕೂರಿಸಿದ್ದಾರೆ ನೋಡಿ. ಕಂಪ್ಯೂಟರಿಗೆ ಕನ್ನಡ ತಂದ ಹಿರಿಯರಲ್ಲೊಬ್ಬರಾದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಅದಕ್ಕೆ ತಳಹದಿ. ನಮ್ಮ ಕಾಗುಣಿತ ನಡೆಯುವ ಹಾಗೆಯೇ ಅದೂ ನಡೆಯುತ್ತದೆ. ಕೆ ಒತ್ತಿದರೆ ಕ, ಅದರ ಮುಂದೆ ಐ ಒತ್ತಿದರೆ ಕಿ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಕನ್ನಡದಲ್ಲಿ ಕ್ಯೂ, ಡಬ್ಲ್ಯೂಗಳಿಗೆ ಕೆಲಸವಿಲ್ಲ, ಅಲ್ವಾ? ಅವನ್ನು ಟ, ಡ ಅಕ್ಷರಗಳಿಗೆ ಕೊಟ್ಟರು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ' ಸಿದ್ಧ. ಐದೇ ಒತ್ತು! ಇಷ್ಟು ದೊಡ್ಡ ಅಕ್ಷರಮಾಲೆಯನ್ನು ಇಷ್ಟು ಕಡಿಮೆ ಕೀಲಿಗಳಲ್ಲಿ ಹಿಡಿಸಿದ ಆ ಜಾಣ್ಮೆಗೆ ನನಗೆ ಅಪಾರ ಗೌರವ.

ಧ್ವನಿ ಟೈಪಿಂಗ್ ಕೆಟ್ಟದ್ದೇನಲ್ಲ. ಕಣ್ಣು ಮಂಜಾದವರಿಗೆ, ಅವಸರದ ಸಂದೇಶಕ್ಕೆ ಅದು ದೊಡ್ಡ ಉಪಕಾರ. ಆದರೆ ಊರಿನ ಹೆಸರು, ಮನೆಮಾತಿನ ಪದ ಹೇಳಿದಾಗ ಅದು ಎಡವುವುದು ಜಾಸ್ತಿ. ತಪ್ಪಿದ ಅಕ್ಷರ ತಿದ್ದಲು ಮತ್ತೆ ಬೆರಳೇ ಬೇಕು. ಅಲ್ಲದೆ ಪ್ರಬಂಧ ಬರೆಯುವಾಗ ಮಗು ನಿಂತು ಯೋಚಿಸಬೇಕು, ಅಳಿಸಬೇಕು, ವಾಕ್ಯ ಹಿಂದುಮುಂದು ಮಾಡಬೇಕು.

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಈ ವಿನ್ಯಾಸವಿದೆ. ನಿಮ್ಮ ಕಂಪ್ಯೂಟರ್ ವಿಂಡೋಸ್ ಬದಲು ಲಿನಕ್ಸ್‌ನಲ್ಲಿ ನಡೆಯುವುದಾದರೆ ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' (ಕನ್ನಡ ಗಣಕ ಪರಿಷತ್ತು) ಆರಿಸಿ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸವೂ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಕೀಲಿಗಳ ಜಾಗವೇ ಬೇರೆ. ಶುರುವಿನಲ್ಲಿ ಎರಡನ್ನೂ ಬೆರೆಸುವುದು ಬೇಡ.