ವೀಸಾ ಮುಗೀತಾ ಬಂತು, ಜರ್ಮನಿಯ ಕಾರ್ಡ್ ಇನ್ನೂ ಬಂದಿಲ್ಲ

ಪ್ರಶ್ನೆ: ನಾನು ಹಾಸನದವನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ಈಗ ಬ್ಲೂ ಕಾರ್ಡ್‌ಗೆಂದು (ಹೊರದೇಶದ ನುರಿತ ಉದ್ಯೋಗಿಗಳಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಡಿ ವೀಸಾ, ಅಂದ್ರೆ ದೀರ್ಘಾವಧಿ ವಾಸಕ್ಕೆ ಬರುವವರ ವೀಸಾ, ಪಡೆದು ಜರ್ಮನಿಗೆ ಬಂದಿದ್ದೇನೆ. ವೀಸಾ ಮುಂದಿನ ತಿಂಗಳು ಮುಗಿಯುತ್ತೆ. ಅಷ್ಟರೊಳಗೆ ಇಲ್ಲಿನ ವಿದೇಶಿಯರ ಕಚೇರಿಯಲ್ಲಿ ಅಪಾಯಿಂಟ್‌ಮೆಂಟೇ ಸಿಗುತ್ತಿಲ್ಲ. ವೀಸಾ ಮುಗಿದ ಮೇಲೂ ಕೆಲಸಕ್ಕೆ ಹೋಗಬಹುದಾ? ಇದರ ಮಧ್ಯೆ ತಂಗಿ ಮದುವೆ ಬೇರೆ ಗೊತ್ತಾಗಿದೆ. ಊರಿಗೆ ಬಂದರೆ ವಾಪಸ್ ಬಿಟ್ಟುಕೊಳ್ತಾರಾ?
- ಓದುಗರೊಬ್ಬರು, ದಕ್ಷಿಣ ಜರ್ಮನಿ

ಉತ್ತರ: ಗಾಬರಿ ಬೇಡ. ಆದರೆ ಸುಮ್ನೆ ಕಾಯುತ್ತಾ ಕೂರಲೂ ಬೇಡಿ. ಮುಖ್ಯವಾಗೋದು ನೀವು ಅರ್ಜಿ ಹಾಕಿದ ದಿನ. ಕಾರ್ಡ್ ಕೈಗೆ ಯಾವಾಗ ಬರುತ್ತೆ ಅನ್ನೋದು ಆಮೇಲಿನ ಮಾತು. ಜರ್ಮನಿಯ ವಾಸದ ಕಾನೂನಿನ 81ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ವೀಸಾ ಮುಗಿಯೋ ಮೊದಲೇ ರೆಸಿಡೆನ್ಸ್ ಪರ್ಮಿಟ್‌ಗೆ (ನಿಮ್ಮ ವಿಷಯದಲ್ಲಿ ಅದೇ ಬ್ಲೂ ಕಾರ್ಡ್) ಅರ್ಜಿ ಹಾಕಿದ್ದರೆ, ಕಚೇರಿ ತೀರ್ಮಾನ ಹೇಳುವ ತನಕ ನಿಮ್ಮ ಹಳೇ ವೀಸಾ ಊರ್ಜಿತ ಅಂತಲೇ ಲೆಕ್ಕ, ಅದರಲ್ಲಿದ್ದ ಕೆಲಸದ ಅನುಮತಿಯೂ ಹಾಗೇ ಮುಂದುವರಿಯುತ್ತೆ.

ಇಲ್ಲೇ ತುಂಬಾ ಜನ ಎಡವೋದು. ಅಪಾಯಿಂಟ್‌ಮೆಂಟ್ ಕೇಳಿದ ಮಾತ್ರಕ್ಕೆ ಅರ್ಜಿ ಹಾಕಿದ ಹಾಗಾಗಲ್ಲ. ನೀವು ಈಗಿರುವ ಊರಿನ ವಿದೇಶಿಯರ ಕಚೇರಿಗೆ ಆನ್‌ಲೈನ್ ಅರ್ಜಿ ಇದ್ದರೆ ಅದರಲ್ಲೇ ಹಾಕಿ, ಇಲ್ಲದಿದ್ದರೆ ಫಾರ್ಮ್ ತುಂಬಿ ಸಹಿ ಮಾಡಿ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಕೆಲಸದ ಒಪ್ಪಂದ, ಸಂಬಳದ ಚೀಟಿ, ಡಿಗ್ರಿ, ಆರೋಗ್ಯ ವಿಮೆಯ ಪತ್ರ, ಬಾಡಿಗೆ ಕರಾರು, ಮನೆ ವಿಳಾಸದ ನೋಂದಣಿ ಎಲ್ಲಾ ಸೇರಿಸಿ ಕಳಿಸಿ, ಇವತ್ತೇ ಕಳಿಸಿ. ತಲುಪಿದ್ದಕ್ಕೆ ಬಂದ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಒಂದು ಕಾಗದ ಕಡಿಮೆ ಇದೆ ಅಂತ ಅರ್ಜಿಯನ್ನೇ ನಿಲ್ಲಿಸಬೇಡಿ, ಅದನ್ನು ಆಮೇಲೆ ಕೊಡಬಹುದು. ಹೋದ ದಿನಾಂಕ ಮಾತ್ರ ವಾಪಸ್ ಬರಲ್ಲ.

ವಿಳಾಸದ ನೋಂದಣಿಗೆ ಅಲ್ಲಿ ಅನ್‌ಮೆಲ್ಡುಂಗ್ ಅಂತಾರೆ. ಮನೆಗೆ ಬಂದ 2 ವಾರದೊಳಗೆ ಮಾಡಿಸಬೇಕು, ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ಇನ್ನೊಂದು ಮಾತು, ಮನೆಯ ಅಂಚೆ ಡಬ್ಬಿ ಮೇಲೆ ನಿಮ್ಮ ಹೆಸರು ಅಂಟಿಸಿದ್ದೀರಾ? ಜರ್ಮನಿಯಲ್ಲಿ ಅಂಚೆಯವರು ಹೆಸರು ನೋಡಿಯೇ ಕಾಗದ ಹಾಕೋದು. ಹೆಸರಿಲ್ಲ ಅಂದ್ರೆ ಕಚೇರಿಯ ಕಾಗದ ಬಂದ ದಾರಿಯಲ್ಲೇ ವಾಪಸ್.

ಈಗ ಮದುವೆ ವಿಷಯ. ಅರ್ಜಿಯ ಜೊತೆಗೇ ಫಿಕ್ಷನ್ಸ್‌ಬೆಶೈನಿಗುಂಗ್ ಬೇಕು ಅಂತ ಬರೆಯಿರಿ. ಕಾರ್ಡ್ ಬರೋ ತನಕ ಕೊಡುವ ತಾತ್ಕಾಲಿಕ ಪತ್ರ ಅದು. ಪ್ರಯಾಣದ ಟಿಕೆಟ್ ಪ್ರತಿಯನ್ನೂ ಲಗತ್ತಿಸಿ, ಯಾಕೆ ಅವಸರ ಅಂತ ಅವರಿಗೂ ತಿಳಿಯಲಿ. ಪತ್ರ ಕೈಗೆ ಬಂದ ಕೂಡಲೇ ಕೌಂಟರ್ ಬಿಡೋ ಮೊದಲೇ ಬಿಚ್ಚಿ ನೋಡಿ. ಒಳಗೆ 81ನೇ ಕಲಮಿನ ಯಾವ ಉಪಕಲಂ ಅಂತ ಗುರುತು ಹಾಕಿರುತ್ತಾರೆ. ನಾಲ್ಕನೇದಕ್ಕೆ ಗುರುತಿದ್ದರೆ ನೀವು ಊರಿಗೆ ಹೋಗಿ ಬರಬಹುದು. ಮೂರನೇದಕ್ಕೆ ಇದ್ದರೆ ಜರ್ಮನಿಯೊಳಗೆ ಇರಬಹುದು ಅಷ್ಟೇ, ಅದನ್ನು ತೋರಿಸಿ ಹೊರಗಿಂದ ಒಳಗೆ ಬರೋಕಾಗಲ್ಲ. ಡಿ ವೀಸಾದಲ್ಲಿ ಬಂದವರಿಗೆ ನಾಲ್ಕನೇದೇ ಬರಬೇಕು. ಬೇರೆಯದಕ್ಕೆ ಗುರುತು ಬಿದ್ದಿದ್ದರೆ ಅಲ್ಲೇ ಕೇಳಿ ಸರಿ ಮಾಡಿಸಿಕೊಳ್ಳಿ, ಸಂಕೋಚ ಬೇಡ. ನಿಮ್ಮ ತಂಗಿ ಮದುವೆಗೆ ನೀವು ಇರಬೇಕು ಅಲ್ವಾ?

ವೀಸಾ ಮುಗಿದಿದ್ದರೆ ಈ ಪತ್ರ ಕೈಯಲ್ಲಿಲ್ಲದೆ ದೇಶ ಬಿಟ್ಟು ಹೊರಡಲೇಬೇಡಿ. ಹೊರಡುವಾಗ ಪಾಸ್‌ಪೋರ್ಟ್, ಹಳೇ ವೀಸಾ, ಪತ್ರದ ಅಸಲು ಪ್ರತಿ ಮೂರೂ ಕೈಚೀಲದಲ್ಲಿರಲಿ. ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲಿ ಈ ಕಾಗದವನ್ನು ಎಂದೂ ನೋಡದ ಸಿಬ್ಬಂದಿಯೂ ಇರಬಹುದು, ಸ್ವಲ್ಪ ಬೇಗ ಹೋಗಿ. ಸಾಧ್ಯವಾದರೆ ಬೇರೆ ದೇಶದಲ್ಲಿ ಇಳಿದು ಹತ್ತುವ ಬದಲು ನೇರ ವಿಮಾನವೇ ಹಿಡಿಯಿರಿ.

ಕಾರ್ಡ್‌ಗೆ ಶುಲ್ಕ 100 ಯೂರೋ. ಕಚೇರಿ ಒಪ್ಪಿಗೆ ಕೊಟ್ಟ ಮೇಲೆ ಅದು ಬರ್ಲಿನ್‌ನಲ್ಲಿ ಅಚ್ಚಾಗಿ ಬರೋಕೆ ಕೆಲವು ವಾರ ಹಿಡಿಯುತ್ತೆ.

ಪ್ರಶ್ನೆ: ಗಂಡನ ಬ್ಲೂ ಕಾರ್ಡ್ 4 ವರ್ಷಕ್ಕೆ ಬಂತು. ಅವರ ಜೊತೆಗೇ ಅರ್ಜಿ ಹಾಕಿದ ನನ್ನ ಕಾರ್ಡ್ ಮಾತ್ರ ಒಂದೂವರೆ ವರ್ಷಕ್ಕೆ. ಯಾಕೆ ಹೀಗೆ? ನಾನು ಕೆಲಸಕ್ಕೆ ಸೇರಬಹುದಾ?
- ಗೃಹಿಣಿ, ಬರ್ಲಿನ್

ಉತ್ತರ: ಮೊದಲು ನಿಮ್ಮ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತೆ ನೋಡಿ. ಪಾಸ್‌ಪೋರ್ಟ್‌ನ ಅವಧಿ ದಾಟಿ ಕಾರ್ಡ್ ಕೊಡಲ್ಲ, ಬಹುಶಃ ಅದೇ ಕಾರಣ. ಬರ್ಲಿನ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಕೊನೇ ತಿಂಗಳವರೆಗೆ ಕಾಯದೆ ನವೀಕರಿಸಿಕೊಳ್ಳಿ. ಆಮೇಲೆ ಹೊಸ ಕಾರ್ಡ್ ಮಾಡಿಸಬೇಕು. ಇನ್ನೂ ಊರಲ್ಲೇ ಇದ್ದು ಹೊರಡಲು ತಯಾರಾಗ್ತಿರೋರು ಪಾಸ್‌ಪೋರ್ಟ್ ಹೊಸದು ಮಾಡಿಸಿಯೇ ವೀಸಾಗೆ ಹಾಕಿ. ಹೆಸರಿನಲ್ಲಿ ಬರೀ ಇನಿಷಿಯಲ್ ಇದ್ದರೆ ಅದನ್ನೂ ಆಗಲೇ ಬಿಡಿಸಿ ಬರೆಸಿಕೊಳ್ಳಿ, ಅಲ್ಲಿನ ಫಾರ್ಮ್‌ಗಳೆಲ್ಲಾ ಮನೆತನದ ಹೆಸರು ಕೇಳುತ್ತವೆ.

ಕೆಲಸಕ್ಕೆ ಧಾರಾಳವಾಗಿ ಸೇರಬಹುದು. ಬ್ಲೂ ಕಾರ್ಡ್ ಇರುವವರ ಹೆಂಡತಿಗೆ ಬೇರೆ ಅನುಮತಿ ಬೇಡ, ಕಾರ್ಡ್ ಮೇಲೇ ಹಾಗೆ ಬರೆದಿರುತ್ತೆ. ಜರ್ಮನ್ ಕಲಿಯೋಕೆ ಇಬ್ಬರೂ ಈಗಲೇ ಶುರು ಮಾಡಿ. ನಿಮ್ಮವರು ಪಿಂಚಣಿಗೆ ಹಣ ಕಟ್ಟುತ್ತಾ ಎ1 ಮಟ್ಟದ (ತೀರಾ ಆರಂಭದ ಹಂತ) ಜರ್ಮನ್ ಕಲಿತರೆ 27 ತಿಂಗಳಿಗೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಬಿ1 (ಮಧ್ಯಮ ಹಂತ) ಪಾಸಾದರೆ 21 ತಿಂಗಳು ಸಾಕು.