ಕೈ ನಡುಗುವ ಕೆಲಸಗಾರ

ಪ್ರಶ್ನೆ: ನಮ್ಮ ಚಿಕ್ಕ ವರ್ಕ್‌ಶಾಪ್‌ನಲ್ಲಿ ಐದೇ ಜನ. ಲೇತ್ (ಲೋಹ ಕಡೆಯುವ ಯಂತ್ರ) ನಡೆಸುವವರು ದಿನವೂ ರಾತ್ರಿ ಕುಡಿದು, ಬೆಳಿಗ್ಗೆ ಕೈ ನಡುಗಿಸುತ್ತ ಬರುತ್ತಾರೆ. ಕೆಲಸದಿಂದ ತೆಗೆಯಲೇ?

ಉತ್ತರ: ಮೊದಲು ಲೇತ್‌ನಿಂದ ದೂರವಿಡಿ, ತೆಗೆಯುವ ಮಾತು ಆಮೇಲೆ. ಸುಮಾರು 10 ಗ್ರಾಂ ಮದ್ಯಸಾರ ಕರಗಲು ದೇಹಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು; ಕಾಫಿ, ತಣ್ಣೀರ ಸ್ನಾನದಿಂದ ಅದು ಬೇಗ ಇಳಿಯದು. ತಡರಾತ್ರಿಯ ಅಮಲು ಬೆಳಿಗ್ಗೆಯೂ ಉಳಿದಿರಬಹುದು. ತಡವಾದ ದಿನ, ಕೆಟ್ಟುಹೋದ ಬಿಡಿಭಾಗ, ವಾಪಸಾದ ಆರ್ಡರ್ ಎಲ್ಲವನ್ನೂ ದಿನಾಂಕ ಸಹಿತ ಬರೆದಿಡಿ. ಅಮಲಿಲ್ಲದ ಹೊತ್ತಿನಲ್ಲಿ, ಬೇರೆಯವರಿಲ್ಲದಾಗ ಅದನ್ನು ತೋರಿಸಿ ಮಾತಾಡಿ.

‘ನಾಳೆಯಿಂದಲೇ ಕುಡಿತ ಬಿಡಿ’ ಎಂದು ಮಾತ್ರ ದಯವಿಟ್ಟು ಹಟ ಹಿಡಿಯಬೇಡಿ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಬೆಳಗಿನ ನಡುಕ ದೇಹವು ಮದ್ಯಕ್ಕೆ ಅವಲಂಬಿತವಾಗಿರುವ ಲಕ್ಷಣವಿರಬಹುದು. ರಜೆ ಕೊಟ್ಟು ವೈದ್ಯರಲ್ಲಿಗೆ ಕಳಿಸಿ. ಮರಳಿದ ಮೇಲೂ ಕೆಲವು ವಾರ ಯಂತ್ರವಿಲ್ಲದ ಕೆಲಸವನ್ನೇ ಕೊಡಿ.